ರಾತ್ರಿಯ ದಾರಿ, ಊರಿನ ದೀಪ

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕರ್ನಾಟಕದ ಯಾವುದಾದರೊಂದು ಊರಿನಲ್ಲಿ ಬೆಳಿಗ್ಗೆ ಬಾಗಿಲು ತೆಗೆದವರಿಗೆ ಪಡಸಾಲೆಯ ಮೂಲೆಯಲ್ಲಿ ಬಣ್ಣ ಬಣ್ಣದ ಹಕ್ಕಿಯೊಂದು ಕಾಣುತ್ತದೆ. ಹಾರಿ ಹೋಗದು, ಕೂಗದು. ಹತ್ತಿರ ಹೋದರೆ ಎರಡು ಹೆಜ್ಜೆ ಕುಪ್ಪಳಿಸಿ ಗೋಡೆಗೆ ಒತ್ತಿಕೊಂಡು ಕೂರುತ್ತದೆ. ಪಂಜರದಿಂದ ತಪ್ಪಿಸಿಕೊಂಡ ಯಾರದೋ ಸಾಕುಹಕ್ಕಿ ಇರಬೇಕು ಎಂದು ಒಬ್ಬರು, ಬೇರೆ ದೇಶದ್ದು ಎಂದು ಇನ್ನೊಬ್ಬರು. ಮಧ್ಯಾಹ್ನದೊಳಗೆ ಅದರ ಫೋಟೊ ಊರಿನ ಮೊಬೈಲುಗಳನ್ನೆಲ್ಲ ಸುತ್ತಿರುತ್ತದೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಅಪರೂಪದ ಹಕ್ಕಿ ಪತ್ತೆ’ ಎಂಬ ಸುದ್ದಿ ಬಂದರೂ ಬರಬಹುದು.

ಸಾಮಾನ್ಯವಾಗಿ ಆ ಹಕ್ಕಿ ನವರಂಗ. ಪಕ್ಷಿತಜ್ಞರು ಅದನ್ನು ಇಂಡಿಯನ್ ಪಿಟ್ಟಾ ಎನ್ನುತ್ತಾರೆ. ಅದು ಬೇರೆ ದೇಶದ್ದೂ ಅಲ್ಲ, ಪಂಜರದ್ದೂ ಅಲ್ಲ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ನವರಂಗ ದಟ್ಟ ನೆರಳಿನ ಕಾಡುಹಕ್ಕಿ. ಮನುಷ್ಯರ ಸುಳಿವು ಸಿಕ್ಕರೆ ಪೊದೆಯೊಳಗೆ ಮಾಯವಾಗುವ ಸ್ವಭಾವದ್ದು. ವರ್ಷಗಟ್ಟಲೆ ಕಾಡು ತಿರುಗಿದವರಿಗೂ ಅದರ ದನಿ ಕೇಳಿಸುವಷ್ಟು ಮೈ ಕಾಣಿಸುವುದಿಲ್ಲ. ಅಂಥ ಹಕ್ಕಿ ಸಂತೆ ಕೂಡುವ ಊರಿನ ನಡುಮನೆಗೆ ತಾನಾಗಿ ಬಂದದ್ದು ಹೇಗೆ? ರೋಗವೇ, ವಯಸ್ಸೇ, ಹಸಿವೇ?

ಉತ್ತರ ಹಕ್ಕಿಯ ಮೈಯಲ್ಲಿಲ್ಲ. ಅದು ಹಿಂದಿನ ರಾತ್ರಿ ಹಾರಿ ಬಂದ ಆಕಾಶದಲ್ಲಿದೆ.

ಗೇಣುದ್ದದ ಹಕ್ಕಿ

ನವರಂಗದ ಉದ್ದ ಸುಮಾರು 18 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ತೂಕ 50ರಿಂದ 60 ಗ್ರಾಂ ಆಸುಪಾಸು. ಮೈನಾಕ್ಕಿಂತ ಚಿಕ್ಕದು. ಬೆನ್ನು ಹಸಿರು, ಹೊಟ್ಟೆ ಮಾಸಲು ಹಳದಿ, ಕೊರಳು ಬಿಳಿ. ಕಣ್ಣಿನ ಮೇಲೆ ಕಾಡಿಗೆ ತೀಡಿದ ಹಾಗೆ ದಪ್ಪ ಕಪ್ಪು ಪಟ್ಟಿ, ಅದರ ಮೇಲೊಂದು ಬಿಳಿ ಹುಬ್ಬು, ನಡುನೆತ್ತಿಯಲ್ಲಿ ಮತ್ತೊಂದು ಕಪ್ಪು ಗೆರೆ. ಹೆಗಲಲ್ಲೂ ಸೊಂಟದಲ್ಲೂ ಹೊಳೆಯುವ ತಿಳಿನೀಲಿ. ಬಾಲದ ಬುಡದ ಕೆಳಗೆ ಕಡುಕೆಂಪು. ರೆಕ್ಕೆ ಬಿಚ್ಚಿದಾಗ ಮಾತ್ರ ಕಾಣುವ ಬಿಳಿ ಮಚ್ಚೆ. ಬಾಲವಂತೂ ಇದೆಯೋ ಇಲ್ಲವೋ ಎಂಬಷ್ಟು ಮೊಟಕು, ಕಾಲುಗಳು ಮಾತ್ರ ಉದ್ದ ಮತ್ತು ಗಟ್ಟಿ. ಈ ಕಾಲುಗಳನ್ನು ನೋಡಿದರೆ ಸಾಕು, ಇದು ಕೊಂಬೆಯ ಮೇಲೆ ಕೂತು ದಿನ ಕಳೆಯುವ ಹಕ್ಕಿಯಲ್ಲ, ನೆಲದ ಮೇಲೆ ನಡೆದಾಡುವ ಹಕ್ಕಿ ಎಂದು ಗೊತ್ತಾಗುತ್ತದೆ.

ಸ್ವೀಡನ್ನಿನ ಲಿನೇಯಸ್ 1766ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ ಕಾಗೆಗಳ ಗುಂಪಿಗೆ ಸೇರಿಸಿದ್ದ. ಕಾಗೆಗೂ ಇದಕ್ಕೂ ದೂರದ ನಂಟೇ ಹೊರತು ಹತ್ತಿರದ್ದಿಲ್ಲ. ಪಿಟ್ಟಾಗಳದೇ ಒಂದು ಪ್ರತ್ಯೇಕ ಕುಟುಂಬ. ನಲವತ್ತಕ್ಕೂ ಹೆಚ್ಚು ಬಗೆಗಳು ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಹರಡಿಕೊಂಡಿವೆ, ಬಹುಪಾಲು ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿವೆ. ನಮ್ಮ ರಾಜ್ಯದಲ್ಲಿ ಕಾಣಸಿಗುವುದು ಇದೊಂದೇ.

ಇಷ್ಟೆಲ್ಲ ಬಣ್ಣ ಹೊತ್ತ ಹಕ್ಕಿ ಕಣ್ಣಿಗೆ ಬೀಳದಿರುವುದು ಹೇಗೆ ಎಂದು ಯಾರಿಗಾದರೂ ಅನ್ನಿಸಬೇಕು. ಎಲೆಗಳ ನಡುವೆ ತೂರಿ ಬಿದ್ದ ಬಿಸಿಲಚುಕ್ಕೆಗಳ ನಡುವೆ ಹಸಿರು ಬೆನ್ನು ತಿರುಗಿಸಿ ನಿಂತರೆ ನವರಂಗದ ಗಡಿಯೇ ಅಳಿಸಿಹೋಗುತ್ತದೆ. ಎದ್ದು ಕಾಣುವ ಕೆಂಪು ಇರುವುದು ಕೆಳಗಡೆ. ಹೆಗಲಿನ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಒಳರಚನೆ ಬೆಳಕನ್ನು ಚದುರಿಸುವ ರೀತಿಯಿಂದ ಹುಟ್ಟುವ ನೀಲಿ ಅದು. ನೆರಳಿನಲ್ಲಿ ಮಂಕಾಗಿರುವ ಅದೇ ಗರಿ ಬಿಸಿಲು ಬಿದ್ದೊಡನೆ ಝಗ್ಗನೆ ಹೊಳೆಯುತ್ತದೆ.

ತರಗಿನ ಮೇಲಿನ ಬದುಕು

ಮರದಿಂದ ಉದುರಿ ಕೊಳೆಯುತ್ತಿರುವ ಎಲೆಗಳ ಹಾಸು, ಅಂದರೆ ತರಗು, ನವರಂಗದ ಹೊಲ. ಬೆಳಗಿನ ತಂಪಿನಲ್ಲಿ ಅದು ಎಲೆಗಳನ್ನು ಕೊಕ್ಕಿನಿಂದ ಸರಿಸುತ್ತ, ಅಡಿಯಲ್ಲಿ ಅಡಗಿದ ಹುಳು, ಕೀಟದ ಮರಿ, ಎರೆಹುಳು, ಸಣ್ಣ ಬಸವನಹುಳುಗಳನ್ನು ಹೆಕ್ಕುತ್ತ ಕುಪ್ಪಳಿಸಿ ಸಾಗುತ್ತದೆ. ತರಗು ಒಣಗಿ ಗರಿಗರಿಯಾದರೆ ಅಡಿಯಲ್ಲಿ ಹುಳು ಉಳಿಯುವುದಿಲ್ಲ. ಗುಡಿಸಿದರೆ, ಸುಟ್ಟರೆ ಹೊಲವೇ ಇಲ್ಲ. ಹಾಗಾಗಿ ನವರಂಗಕ್ಕೆ ಬೇಕಾದ್ದು ಬರಿಯ ಮರವಲ್ಲ. ಮರ, ಮರದ ನೆರಳು, ನೆರಳಿನಡಿಯ ತೇವ, ತೇವದಲ್ಲಿ ನಿಧಾನ ಕೊಳೆಯುವ ಎಲೆ ಇವೆಲ್ಲ ಒಂದೇ ಕಡೆ ಸಿಗಬೇಕು.

ಮಲಗುವುದು ಮಾತ್ರ ಮರದ ಮೇಲೆ. ಮುಂಜಾನೆ ಕೊಂಬೆಯಿಂದ ಇಳಿಯುವ ಮೊದಲು, ಸಂಜೆ ಮತ್ತೆ ಏರುವ ಹೊತ್ತಿಗೆ ತಲೆ ಹಿಂದಕ್ಕೆ ಎತ್ತಿ ಎರಡು ಸ್ವರದ ಸ್ಪಷ್ಟ ಸಿಳ್ಳೆ ಹಾಕುತ್ತದೆ. ಒಂದು ಕಡೆಯಿಂದ ಸಿಳ್ಳೆ ಬಂದರೆ ಅಷ್ಟು ದೂರದಿಂದ ಇನ್ನೊಂದು ಮಾರುತ್ತರ ಕೊಡುವುದೂ ಉಂಟು. ಹಕ್ಕಿ ಇದೆಯೆಂದು ತಿಳಿಯಲು ಆ ಎರಡು ಹೊತ್ತು ಕಿವಿಗೊಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇದರ ಸಂಸಾರ ಮಳೆಗಾಲದ್ದು. ಹಿಮಾಲಯದ ತಪ್ಪಲಿನ ಉದ್ದಕ್ಕೂ, ಮಧ್ಯಭಾರತದ ಗುಡ್ಡಗಾಡುಗಳಲ್ಲಿ, ಪಶ್ಚಿಮಘಟ್ಟದಲ್ಲಿ ಕರ್ನಾಟಕದವರೆಗೂ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಗೂಡು ಕಟ್ಟುತ್ತದೆ. ಒಣಹುಲ್ಲು, ಎಲೆ, ಬೇರುಗಳನ್ನು ಸೇರಿಸಿ, ನೆಲದ ಮೇಲೋ ತಗ್ಗು ಕೊಂಬೆಯಲ್ಲೋ ಮಾಡಿದ ಗುಂಡನೆಯ ಗೂಡು, ಪಕ್ಕದಲ್ಲಿ ಒಂದು ಬಾಗಿಲು. ನಾಲ್ಕೈದು ಮೊಟ್ಟೆ. ಹೊಳೆಯುವ ಬಿಳಿಯ ಮೇಲೆ ಕಡು ನೇರಳೆ ಚುಕ್ಕಿ. ಮಳೆ ಬಿದ್ದಾಗ ತರಗಿನಡಿ ಹುಳುಗಳ ಸುಗ್ಗಿ, ಮರಿಗಳ ಬಾಯಿಗೆ ಆಗಲೇ ಅದು ಬೇಕು. ಮಳೆ ಹಿಂದೆ ಸರಿದು ಉತ್ತರದ ನೆಲ ಒಣಗತೊಡಗಿದಾಗ ಹಕ್ಕಿಗಳು ತೆಂಕಣಕ್ಕೆ ಹೊರಡುತ್ತವೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ದಖ್ಖನ್ ದಾಟಿ ದಕ್ಷಿಣ ಭಾರತದ ಉದ್ದಗಲ ಹರಡಿಕೊಳ್ಳುತ್ತವೆ, ಕೆಲವು ಸಮುದ್ರ ದಾಟಿ ಶ್ರೀಲಂಕೆಗೂ ಹೋಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮರುಪಯಣ.

ಈ ದಾರಿಯಲ್ಲಿ ನಮ್ಮ ಎರೆಸೀಮೆ ಇದೆ.

ಕಿತ್ತೂರಿನಿಂದ ರಾಮದುರ್ಗಕ್ಕೆ

ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ಹಾಯ್ದು ರಾಮದುರ್ಗದ ಕಡೆಗೆ ಹೊರಟವರಿಗೆ ಕಾಡು ತೆಳುವಾಗುತ್ತ ಹೋಗುವುದು ಕಣ್ಣಾರೆ ಕಾಣುತ್ತದೆ. ಕಿತ್ತೂರಿಗೂ ರಾಮದುರ್ಗಕ್ಕೂ ನೇರ ಗೆರೆ ಎಳೆದರೆ 70 ಕಿಲೋಮೀಟರ್ ದಾಟದು. ಅಷ್ಟರೊಳಗೆ ಎರಡು ಬೇರೆ ಲೋಕಗಳಿವೆ. ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿಂದ ಪಶ್ಚಿಮಕ್ಕೆ ತೇಗ, ಮತ್ತಿ, ದಿಂಡಿಗಗಳ ಎಲೆಯುದುರುವ ಕಾಡು. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ. ಬೈಲಹೊಂಗಲದ ಸುತ್ತ ಹತ್ತಿ, ಜೋಳ, ಕಡಲೆ, ಸೋಯಾ, ನೀರು ಸಿಕ್ಕಲ್ಲಿ ಕಬ್ಬು. ಸವದತ್ತಿ ದಾಟಿದರೆ ಕಲ್ಲುಗುಡ್ಡ, ಜಾಲಿ, ಬಾರಿ, ಕವಳಿಯ ಕುರುಚಲು.

ಎರೆಹೊಲದ ನಡುವೆ ನವರಂಗಕ್ಕೆ ಕೆಲಸವಿಲ್ಲ. ಆದರೆ ಈ ಬಯಲನ್ನು ಸೀಳಿಕೊಂಡು ಮಲಪ್ರಭೆ ಹರಿಯುತ್ತಾಳೆ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಗುಡ್ಡವನ್ನೇ ಕೊರೆದು ದಾಟುತ್ತದೆ. ರೇಣುಕಾಸಾಗರದ ಅಣೆಕಟ್ಟು ಕಟ್ಟಿರುವುದು ಆ ಇಕ್ಕಟ್ಟಿನಲ್ಲೇ. ಸುತ್ತಲಿನ ಗುಡ್ಡಸಾಲುಗಳ ಬಗಲಲ್ಲಿ ಕೊಳ್ಳಗಳಿವೆ. ಸೊಗಲದ ಸೋಮೇಶ್ವರ ಗುಡಿಯ ಜಲಪಾತದ ಕಣಿವೆ, ರಾಮದುರ್ಗ ತಾಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳ, ಪರಸಗಡ ಕೋಟೆಯ ಮಗ್ಗುಲಿನ ಇಳಿಜಾರುಗಳು ಅಂಥವು. ಬಂಡೆಯ ನೆರಳು, ಒಸರುವ ನೀರು, ದೇವರಿಗೆ ಬಿಟ್ಟ ಮರಗಳು, ಅಡಿಯಲ್ಲಿ ತರಗು. ಸುತ್ತಲಿನ ಬಯಲು ಕಾದು ಬಿರುಕು ಬಿಟ್ಟಾಗಲೂ ಕೊಳ್ಳದೊಳಗಿನ ನೆಲ ತಂಪಾಗಿರುತ್ತದೆ. ನಡುರಾತ್ರಿ ಆಕಾಶದಲ್ಲಿ ಸಾಗುವ ತರಗಿನ ಹಕ್ಕಿಗೆ ಬೆಳಗಾಗುವ ಮೊದಲು ಇಳಿಯಲು ತಕ್ಕ ಜಾಗ ಈ ಸೀಮೆಯಲ್ಲಿ ಇದ್ದರೆ ಇಂಥ ಕೊಳ್ಳಗಳೇ, ಇಲ್ಲವೇ ಹಳ್ಳದ ದಂಡೆಯ ಹೊಂಗೆ, ಬೇವಿನ ತೋಪುಗಳು. ಕೊಳ್ಳದಿಂದ ಕೊಳ್ಳಕ್ಕೆ ನಡುವೆ ಹತ್ತಾರು ಕಿಲೋಮೀಟರ್ ಬಯಲು, ಬಯಲಿನ ನಡುವೆ ಊರುಗಳು, ಊರುಗಳ ಮೇಲೆ ದೀಪಗಳು.

ಕತ್ತಲಲ್ಲೇ ಏಕೆ

ಹದ್ದು, ಕೊಕ್ಕರೆಯಂಥ ದೊಡ್ಡ ಹಕ್ಕಿಗಳು ಹಗಲಲ್ಲಿ ವಲಸೆ ಹೋಗುತ್ತವೆ. ಬಿಸಿಲಿಗೆ ಕಾದು ಮೇಲೇಳುವ ಗಾಳಿಯ ಮೇಲೆ ರೆಕ್ಕೆ ಚಾಚಿದರೆ ಸಾಕು, ಬಡಿಯುವ ಶ್ರಮ ತಪ್ಪುತ್ತದೆ. ಸಣ್ಣ ಹಕ್ಕಿಗೆ ಆ ಭಾಗ್ಯವಿಲ್ಲ. ಅದು ದಾರಿಯುದ್ದಕ್ಕೂ ರೆಕ್ಕೆ ಬಡಿಯಲೇಬೇಕು, ಬಡಿದಷ್ಟೂ ಮೈ ಕಾಯುತ್ತದೆ. ರಾತ್ರಿಯ ಗಾಳಿ ತಂಪು, ಸುಳಿ ಕಡಿಮೆ, ಹಿಡಿದು ತಿನ್ನುವ ಗಿಡುಗಗಳು ನಿದ್ದೆಯಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಹಾರಿದರೆ ಹಗಲು ಉಣ್ಣಲು ಬಿಡುವು ಸಿಗುತ್ತದೆ. ಹೊರಡುವ ಮೊದಲು ಚರ್ಮದಡಿ ಕೂಡಿಟ್ಟ ಕೊಬ್ಬೇ ಪಯಣದ ಬುತ್ತಿ. ಅದು ಕರಗಿದಂತೆಲ್ಲ ಅಲ್ಲಲ್ಲಿ ಇಳಿದು ತುಂಬಿಕೊಳ್ಳಬೇಕು. ಆದ್ದರಿಂದ ಲೋಕದ ಬಹುಪಾಲು ಸಣ್ಣ ವಲಸೆಹಕ್ಕಿಗಳು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಮೇಲೆದ್ದು ಕತ್ತಲಲ್ಲಿ ಸಾಗುತ್ತವೆ. ಹಗಲೆಲ್ಲ ನೆಲ ಬಿಟ್ಟೇಳದ ನವರಂಗವೂ ವರ್ಷಕ್ಕೆ ಎರಡು ಬಾರಿ ರಾತ್ರಿಯ ಆಕಾಶಕ್ಕೆ ಏರುತ್ತದೆ.

ಕತ್ತಲಲ್ಲಿ ದಿಕ್ಕು ತಿಳಿಯುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಊರಿನ ಪಡಸಾಲೆಯಲ್ಲಿ ಬಿದ್ದ ಹಕ್ಕಿಯ ಗುಟ್ಟು ಇದನ್ನು ಬಿಟ್ಟರೆ ಬಿಡಿಸಲಾಗದು.

ನಕ್ಷತ್ರ, ನೆಲದ ಸೆಳೆತ, ಮುಳುಗುವ ಸೂರ್ಯ

1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಮ್ಲೆನ್ ಇಂಡಿಗೊ ಬಂಟಿಂಗ್ ಎಂಬ ಪುಟ್ಟ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ನೋಡಿದರು. ವಲಸೆಯ ಕಾಲ ಬಂದಾಗ ಪಂಜರದ ಹಕ್ಕಿಯೂ ರಾತ್ರಿ ಸುಮ್ಮನಿರುವುದಿಲ್ಲ, ಹೋಗಬೇಕಾದ ದಿಕ್ಕಿಗೆ ಹಾರಿ ಹಾರಿ ಬೀಳುತ್ತದೆ. ಎಮ್ಲೆನ್ ಪಂಜರದ ತಳದಲ್ಲಿ ಶಾಯಿ ಮೆತ್ತಿದ ಹಾಸು, ಸುತ್ತ ಇಳಿಜಾರು ಕಾಗದದ ಗೋಡೆ ಇಟ್ಟರು. ಬೆಳಗಾಗುವಷ್ಟರಲ್ಲಿ ಹಕ್ಕಿಯ ಹೆಜ್ಜೆಗುರುತುಗಳು ಅದರ ಮನಸ್ಸಿನ ದಿಕ್ಕನ್ನು ಕಾಗದದ ಮೇಲೆ ಬರೆದಿಟ್ಟಿರುತ್ತಿದ್ದವು. ತಾರಾಲಯದ ಆಕಾಶವನ್ನು ತಿರುಗಿಸಿದರೆ ಹೆಜ್ಜೆಗಳೂ ತಿರುಗಿದವು.

ಅವರು ಇನ್ನೂ ಮುಂದೆ ಹೋದರು. ಕೆಲವು ಮರಿಗಳನ್ನು ಸುಳ್ಳು ಆಕಾಶದಡಿ ಬೆಳೆಸಿದರು. ನಿಜದ ಆಕಾಶ ಧ್ರುವನಕ್ಷತ್ರದ ಸುತ್ತ ತಿರುಗುವಂತೆ ಕಾಣುತ್ತದೆ. ಈ ಆಕಾಶ ತಿರುಗಿದ್ದು ಆರಿದ್ರಾದ ಸುತ್ತ. ನಮ್ಮ ರೈತರ ಆರಿದ್ರಾ ಮಳೆಗೆ ಹೆಸರು ಕೊಟ್ಟ ಅದೇ ಕೆಂಪು ನಕ್ಷತ್ರ. ಆ ಮರಿಗಳು ದೊಡ್ಡವಾದಾಗ ಆರಿದ್ರಾವನ್ನೇ ಉತ್ತರ ಎಂದು ನಂಬಿ ಅದಕ್ಕೆ ಬೆನ್ನು ಮಾಡಿ ಹೊರಟವು. ಹಕ್ಕಿ ನಕ್ಷತ್ರಗಳ ಪಟ್ಟಿಯನ್ನು ಹುಟ್ಟುತ್ತಲೇ ತಲೆಯಲ್ಲಿ ಹೊತ್ತು ಬರುವುದಿಲ್ಲ. ಆಕಾಶದ ಯಾವ ಭಾಗ ಅಲುಗದೆ ನಿಂತಿದೆ ಎಂದು ಮರಿಯಾಗಿದ್ದಾಗ ನೋಡಿ ಕಲಿಯುತ್ತದೆ.

ಮೋಡ ಕವಿದರೆ? ಅದೇ ಕಾಲಕ್ಕೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವುಲ್ಫ್‌ಗಾಂಗ್ ವಿಲ್ಚ್ಕೊ ಯುರೋಪಿನ ರಾಬಿನ್ ಹಕ್ಕಿಗಳು ನಕ್ಷತ್ರವೇ ಕಾಣದ ಕೋಣೆಯಲ್ಲೂ ಭೂಮಿಯ ಕಾಂತಸೆಳೆತ ಹಿಡಿದು ದಿಕ್ಕು ತಿಳಿಯುತ್ತವೆ ಎಂದು ತೋರಿಸಿದರು. 1972ರಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ನಮ್ಮ ದಿಕ್ಸೂಚಿಯ ಮುಳ್ಳಿಗೆ ಉತ್ತರ ಯಾವುದು, ದಕ್ಷಿಣ ಯಾವುದು ಗೊತ್ತು. ಹಕ್ಕಿಗೆ ಅದು ಗೊತ್ತಿಲ್ಲ. ಭೂಮಿಯ ಕಾಂತರೇಖೆಗಳು ನೆಲದೊಳಕ್ಕೆ ಎಷ್ಟು ಓರೆಯಾಗಿ ಇಳಿದಿವೆ ಎಂಬುದನ್ನು ಅದು ಗ್ರಹಿಸುತ್ತದೆ. ಧ್ರುವದ ಕಡೆ ಈ ಓರೆ ಕಡಿದು, ಭೂಮಧ್ಯದ ಕಡೆ ಬಂದಂತೆ ಸಪಾಟು.

ನವರಂಗದ ದಾರಿಗೆ ಇದನ್ನು ಹೊಂದಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕಾಂತರೇಖೆಗಳು ಪೂರ್ತಿ ಸಪಾಟಾಗುವ ಪಟ್ಟಿ ಭಾರತದ ದಕ್ಷಿಣ ತುದಿಯ ಹತ್ತಿರ ಹಾಯುತ್ತದೆ. 1960ರ ದಶಕದ ಮೊದಲಲ್ಲಿ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ರಾಕೆಟ್ ಉಡಾವಣೆಗೆ ಆರಿಸಿಕೊಂಡದ್ದು ಈ ಕಾರಣಕ್ಕೇ. ಹಿಮಾಲಯದ ತಪ್ಪಲಿನಲ್ಲಿ ಗಟ್ಟಿಯಾಗಿ ಸಿಗುವ ಓರೆಯ ಸೂಚನೆ ದಕ್ಷಿಣಕ್ಕೆ ಬಂದಂತೆ ಮಂದವಾಗುತ್ತದೆ. ಇಂಥ ದಾರಿ ಹಿಡಿದವರಿಗೆ ಒಂದೇ ದಿಕ್ಸೂಚಿ ಸಾಲದು.

ಮೂರನೆಯದು ಮುಳುಗುವ ಸೂರ್ಯ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಲಿಯಂ ಕಾಕ್ರನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಥ್ರಶ್ ಹಕ್ಕಿಗಳ ಮೈಗೆ ಪುಟ್ಟ ರೇಡಿಯೊ ಕಟ್ಟಿ, ಸಂಜೆಯ ಹೊತ್ತು ಕೃತಕ ಕಾಂತಸೆಳೆತದಿಂದ ಉತ್ತರವನ್ನು ಪೂರ್ವಕ್ಕೆ ಹೊರಳಿಸಿ ತೋರಿಸಿ, ಕತ್ತಲಾದ ಮೇಲೆ ಬಿಟ್ಟರು. ಉತ್ತರಕ್ಕೆ ಹೋಗಬೇಕಾದ ಹಕ್ಕಿಗಳು ಪಶ್ಚಿಮಕ್ಕೆ ಹಾರಿದವು. ವಾಹನದಲ್ಲಿ ರಾತ್ರಿಯಿಡೀ ಹಿಂಬಾಲಿಸಿ ನೋಡಿದರೆ, ಮುಂದಿನ ಸಂಜೆ ನಿಜವಾದ ಸೂರ್ಯಾಸ್ತ ಕಂಡ ಮೇಲೆ ಅದೇ ಹಕ್ಕಿಗಳು ತಪ್ಪು ತಿದ್ದಿಕೊಂಡು ಉತ್ತರಕ್ಕೆ ತಿರುಗಿದವು. ಪ್ರತಿ ಸಂಜೆಯ ಕೆಂಪಿನಲ್ಲಿ ಅವು ತಮ್ಮ ದಿಕ್ಸೂಚಿಯನ್ನು ಸರಿಪಡಿಸಿಕೊಳ್ಳುತ್ತವೆ.

ಇಲ್ಲಿಂದ ಕಥೆ ಕಣ್ಣಿಗೆ ಬರುತ್ತದೆ. 1993ರಲ್ಲಿ ವಿಲ್ಚ್ಕೊ ತಂಡ ಆಸ್ಟ್ರೇಲಿಯಾದ ಬಿಳಿಗಣ್ಣ ಜಾತಿಯ ಹಕ್ಕಿಗಳನ್ನು ಬೇರೆಬೇರೆ ಬಣ್ಣದ ಬೆಳಕಿನಲ್ಲಿ ಇಟ್ಟು ನೋಡಿತು. ನೀಲಿ, ಹಸಿರು ಬೆಳಕಿನಲ್ಲಿ ಅವಕ್ಕೆ ದಿಕ್ಕು ಸಿಕ್ಕಿತು, ಕೆಂಪು ಬೆಳಕಿನಲ್ಲಿ ದಿಕ್ಕು ತಪ್ಪಿತು. ಕಾಂತಸೆಳೆತವನ್ನು ಗ್ರಹಿಸಲು ಹಕ್ಕಿಗೆ ಬೆಳಕು ಬೇಕು, ಅದೂ ಎಂಥ ಬೆಳಕು ಎಂಬುದು ಮುಖ್ಯ ಎಂದಾಯಿತು. ಕಣ್ಣಿನ ಒಳಪರದೆಯಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನ ಮೇಲೆ ವಿಜ್ಞಾನಿಗಳ ದೃಷ್ಟಿ ನೆಟ್ಟಿತು. ರಾಬಿನ್ ಹಕ್ಕಿಯ ಈ ಪ್ರೋಟೀನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಬೆಳಕಿಗೆ ಒಡ್ಡಿದಾಗ ಅದು ಕಾಂತಸೆಳೆತಕ್ಕೆ ಸ್ಪಂದಿಸಿದ್ದು 2021ರಲ್ಲಿ ಪ್ರಕಟವಾಯಿತು. ನಕ್ಷತ್ರ ನೋಡಲೂ ಕಣ್ಣು ಬೇಕು, ಸಂಜೆಯ ಕೆಂಪಿಗೂ ಕಣ್ಣು ಬೇಕು. ಕಾಂತಸೆಳೆತವೂ ಕಣ್ಣಿನ ಮೂಲಕವೇ ಬರುವುದಾದರೆ, ರಾತ್ರಿ ಹಾರುವ ಹಕ್ಕಿಯ ದಾರಿಯೆಲ್ಲ ಅದರ ಕಣ್ಣಿನಲ್ಲೇ ಇದೆ.

ಬೆಳಕಿನ ಬಲೆ

ಹೊಲದಿಂದ ತಡವಾಗಿ ಮನೆಗೆ ಹೊರಟ ರೈತನಿಗೆ ಬೆಳದಿಂಗಳಿಲ್ಲದ ರಾತ್ರಿಯಲ್ಲೂ ಬದುವಿನ ದಾರಿ ಮಸುಕಾಗಿ ಕಾಣುತ್ತಿರುತ್ತದೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು ಹೆಡ್‌ಲೈಟು ಮುಖಕ್ಕೆ ಹೊಡೆದೊಡನೆ ಬದು, ಗಿಡ, ಆಕಾಶ ಎಲ್ಲ ಒಮ್ಮೆಗೇ ಅಳಿಸಿಹೋಗಿ ಆ ದೀಪವೊಂದೇ ಉಳಿಯುತ್ತದೆ. ಮುಂದೆ ಕಾಲಿಡಲು ಧೈರ್ಯವಾಗದೆ ಅಲ್ಲೇ ನಿಲ್ಲಬೇಕಾಗುತ್ತದೆ.

ದೀಪದ ಪ್ರಭೆಯೊಳಗೆ ಹೊಕ್ಕ ವಲಸೆಹಕ್ಕಿಯ ಗತಿಯೂ ಇದೇ. ಕತ್ತಲಿಗೆ ಒಗ್ಗಿದ ಕಣ್ಣು ಕೋರೈಸುತ್ತದೆ, ನಕ್ಷತ್ರಗಳು ಮಾಯವಾಗುತ್ತವೆ, ನೆಲ ಮುಗಿಲು ಕೂಡುವ ಅಂಚು ಕಾಣದಾಗುತ್ತದೆ, ಕಣ್ಣನ್ನೇ ನೆಚ್ಚಿದ ಕಾಂತದ ಅರಿವೂ ಕದಡುತ್ತದೆ. ನಿಲ್ಲುವುದು ಹಕ್ಕಿಗೆ ಸಾಧ್ಯವಿಲ್ಲ, ಆದ್ದರಿಂದ ಅದು ಸುತ್ತುತ್ತದೆ. ಪ್ರಭೆಯಾಚೆಯ ಕತ್ತಲು ಈಗ ಅದಕ್ಕೆ ಗೋಡೆ. ಬೆಳಕಿನ ಸುತ್ತಲೇ ಗಿರಕಿ ಹೊಡೆಯುತ್ತ, ಕೂಗುತ್ತ, ಕೊಬ್ಬಿನ ಬುತ್ತಿಯನ್ನು ಬರಿದು ಮಾಡಿಕೊಂಡು, ಕೊನೆಗೆ ಸಿಕ್ಕಲ್ಲಿ ಇಳಿಯುತ್ತದೆ. ಅದು ಕೊಳ್ಳವೂ ಆಗಬಹುದು, ಬಸ್ ನಿಲ್ದಾಣವೂ ಆಗಬಹುದು.

ಇದನ್ನು ಅಳೆದು ನೋಡಿದ ಊರು ನ್ಯೂಯಾರ್ಕ್. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ನೆನಪಿಗೆ ಅಲ್ಲಿ ಪ್ರತಿ ವರ್ಷ ಆ ರಾತ್ರಿ ಎರಡು ಬೆಳಕಿನ ಕಂಬಗಳನ್ನು ಆಕಾಶಕ್ಕೆ ಹರಿಸುತ್ತಾರೆ. ಅದು ವಲಸೆಯ ಕಾಲ. ಬೆಂಜಮಿನ್ ವ್ಯಾನ್ ಡೊರೆನ್ ಮತ್ತು ಸಂಗಡಿಗರು ರೇಡಾರ್ ಹಿಡಿದು ಏಳು ವರ್ಷಗಳ ಏಳು ರಾತ್ರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆ ಬೆಳಕು ಸುಮಾರು 11 ಲಕ್ಷ ಹಕ್ಕಿಗಳ ದಾರಿಯನ್ನು ಕದಡಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ, ಬೇರೆಲ್ಲಕ್ಕಿಂತ ಮುಖ್ಯವಾದದ್ದು. ದೀಪ ಆರಿಸಿದ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳು ಗಿರಕಿ ಬಿಟ್ಟು ತಮ್ಮ ದಾರಿ ಹಿಡಿದವು. ಅಲ್ಲೀಗ ಸ್ವಯಂಸೇವಕರು ಕುಳಿತು ಎಣಿಸುತ್ತಾರೆ. ಬೆಳಕಿನಲ್ಲಿ ಸಿಕ್ಕ ಹಕ್ಕಿಗಳು ಸಾವಿರ ದಾಟಿದರೆ ಸುಮಾರು 20 ನಿಮಿಷ ದೀಪ ಆರಿಸುತ್ತಾರೆ, ಹಕ್ಕಿಗಳು ಚದುರಿದ ಮೇಲೆ ಮತ್ತೆ ಹಚ್ಚುತ್ತಾರೆ. ನೆನಪಿಗೂ ಭಂಗವಿಲ್ಲ, ಹಕ್ಕಿಗೂ ದಾರಿ ಸಿಗುತ್ತದೆ.

ನಮ್ಮ ದೇಶದಲ್ಲಿ ಇದರ ಹೆಸರುವಾಸಿ ಉದಾಹರಣೆ ಅಸ್ಸಾಮಿನ ದಿಮಾ ಹಸಾವ್ ಜಿಲ್ಲೆಯ ಜಟಿಂಗಾ. ಮಳೆಗಾಲದ ಕೊನೆಗೆ, ಚಂದ್ರನಿಲ್ಲದ ಮಂಜಿನ ರಾತ್ರಿಗಳಲ್ಲಿ ಆ ಗುಡ್ಡದೂರಿನ ದೀಪಗಳಿಗೆ ಹಕ್ಕಿಗಳು ಬಂದು ಬೀಳುತ್ತವೆ, ಅವುಗಳಲ್ಲಿ ಪಿಟ್ಟಾಗಳೂ ಇರುತ್ತವೆ. ‘ಹಕ್ಕಿಗಳು ಆತ್ಮಹತ್ಯೆ ಮಾಡಿಕೊಳ್ಳುವ ಊರು’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ. ಇಷ್ಟು ತಪ್ಪು ಹೆಸರು ಇನ್ನೊಂದಿರಲಾರದು. ಸಾಯಲು ಬಂದ ಹಕ್ಕಿ ಅಲ್ಲಿ ಒಂದೂ ಇಲ್ಲ. ಗಾಳಿ, ಮಂಜು, ಕತ್ತಲು, ದೀಪ ಕೂಡಿ ದಿಕ್ಕುಗೆಡಿಸಿದ ಹಕ್ಕಿಗಳು ಅವು, ಬಿದ್ದವನ್ನು ಸಾಯಿಸುತ್ತಿದ್ದುದು ಊರವರ ಬಿದಿರುಕೋಲಿನ ಹೊಡೆತ.

ದೀಪದಿಂದ ಬದುಕುಳಿದ ಹಕ್ಕಿಗೆ ಬೆಳಿಗ್ಗೆ ಗಾಜು ಕಾದಿರುತ್ತದೆ. ಗಾಜಿನಲ್ಲಿ ಮೂಡಿದ ಮರವನ್ನು ಹಕ್ಕಿ ಮರವೆಂದೇ ನಂಬಿ ನುಗ್ಗುತ್ತದೆ. 2023ರ ಅಕ್ಟೋಬರ್ 5ರ ಒಂದೇ ಬೆಳಿಗ್ಗೆ ಶಿಕಾಗೊದ ಒಂದೇ ಕಟ್ಟಡದಡಿ ಸುಮಾರು ಸಾವಿರ ವಲಸೆಹಕ್ಕಿಗಳು ಸತ್ತು ಬಿದ್ದಿದ್ದವು. ಮರುವರ್ಷ ಗಾಜಿಗೆ ಸಣ್ಣ ಚುಕ್ಕಿಗಳ ಹಾಳೆ ಅಂಟಿಸಿದ ಮೇಲೆ ಸಾವು ಬಹುಪಾಲು ನಿಂತಿತು. ಬೈಲಹೊಂಗಲಕ್ಕೆ ಶಿಕಾಗೊದ ಗಾತ್ರದ ಗಾಜು ಬಂದಿಲ್ಲ ನಿಜ. ಆದರೆ ತಾಲೂಕು ಊರುಗಳ ಹೊಸ ಅಂಗಡಿ, ಬ್ಯಾಂಕು, ಕಲ್ಯಾಣಮಂಟಪಗಳ ಮುಖಕ್ಕೆಲ್ಲ ಈಗ ನೀಲಿ ಗಾಜೇ.

ನಮ್ಮ ಸೀಮೆಯ ಅಕ್ಟೋಬರ್

ಈ ನಾಲ್ಕು ತಾಲೂಕುಗಳ ಪಂಚಾಂಗವನ್ನು ನವರಂಗದ ಪಯಣದ ಪಕ್ಕದಲ್ಲಿಟ್ಟು ನೋಡಬೇಕು. ನವರಾತ್ರಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಜನ ದೀಪಕ್ಕೆ ಎಣ್ಣೆ ಹಾಕಲು ಬರುತ್ತಾರೆ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೇನೆ ಕಂಪನಿಯ ಪಡೆಯನ್ನು ಸೋಲಿಸಿದ ನೆನಪಿಗೆ ಕಿತ್ತೂರು ಉತ್ಸವ ನಡೆಯುವುದು ಅಕ್ಟೋಬರ್ 23ರಿಂದ 25ರವರೆಗೆ. ಆಮೇಲೆ ದೀಪಾವಳಿಯ ಅಮಾವಾಸ್ಯೆ. ಅಷ್ಟರಲ್ಲಿ ಕಬ್ಬು ಅರೆಯುವ ಹಂಗಾಮು ಶುರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದೊಡ್ಡ ಜಾತ್ರೆಗಳ ಹೊತ್ತಿಗೆ ನವರಂಗಗಳು ತಮ್ಮ ಜಾಗ ಸೇರಿ ಕೂತಿರುತ್ತವೆ. ಅವು ಆಕಾಶದಲ್ಲಿರುವುದು ಅಕ್ಟೋಬರಿನ ಆಸುಪಾಸಿನಲ್ಲಿ.

ಇದನ್ನು ಹೇಳುವುದು ಹಬ್ಬ ನಿಲ್ಲಿಸಿ ಎನ್ನಲು ಖಂಡಿತ ಅಲ್ಲ. ಎಣ್ಣೆಯ ದೀಪ, ಮನೆಯ ಹಣತೆ ಯಾವ ಹಕ್ಕಿಯ ದಾರಿಯನ್ನೂ ತಪ್ಪಿಸುವುದಿಲ್ಲ. ತೊಂದರೆ ಇರುವುದು ಮುಗಿಲಿಗೆ ಮುಖ ಮಾಡಿದ ಬಿಳಿ ದೀಪಗಳಲ್ಲಿ, ರಾತ್ರಿಯಿಡೀ ಯಾರಿಗೂ ಬೇಡವಾದರೂ ಉರಿಯುವ ಹೈಮಾಸ್ಟ್‌ಗಳಲ್ಲಿ. ದೀಪಕ್ಕೊಂದು ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕಷ್ಟೇ ಇಳಿಸಿದರೆ ರಸ್ತೆಯೂ ಚೆನ್ನಾಗಿ ಕಾಣುತ್ತದೆ, ವಿದ್ಯುತ್ತಿನ ಬಿಲ್ಲೂ ಇಳಿಯುತ್ತದೆ. ಕಾರ್ಯಕ್ರಮ ಮುಗಿದೊಡನೆ ವೇದಿಕೆಯ ದೀಪ ಆರಿಸಲು ಖರ್ಚೇನೂ ಇಲ್ಲ. ಬಹುಪಾಲು ಮಾಲಿನ್ಯಗಳಂತಲ್ಲ, ಇದು ಗುಂಡಿ ಒತ್ತಿದರೆ ಆ ಕ್ಷಣವೇ ಪೂರ್ತಿ ಅಳಿಯುತ್ತದೆ. ಹೊಳೆಗೆ ಬಿಟ್ಟ ವಿಷದ ವಿಷಯದಲ್ಲಿ ಈ ಮಾತು ಆಡಲಾಗದು.

ಆತಂಕವಿಲ್ಲದ ಪಟ್ಟಿ

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ನವರಂಗ ‘ಸದ್ಯಕ್ಕೆ ಆತಂಕವಿಲ್ಲ’ ಎಂಬ ಸಾಲಿನಲ್ಲಿದೆ. ಇದು ಸುಳ್ಳಲ್ಲ. ಹಿಮಾಲಯದಿಂದ ಶ್ರೀಲಂಕೆಯವರೆಗೆ ಹರಡಿದ ಹಕ್ಕಿ ಇದು, ನಾಳೆಯೇ ಅಳಿಯುವಂಥದ್ದಲ್ಲ. ಆದರೆ ಈ ಪಟ್ಟಿ ಇಡೀ ಜಾತಿಯ ಲೆಕ್ಕ, ಒಂದು ಸೀಮೆಯ ಲೆಕ್ಕವಲ್ಲ. ಕೊಳ್ಳದ ಮರ ಕಡಿದರೆ, ಬೇಸಿಗೆ ಬೇಸಿಗೆಗೆ ಗುಡ್ಡಕ್ಕೆ ಬೆಂಕಿ ಬಿದ್ದು ತರಗು ಬೂದಿಯಾದರೆ, ಸ್ವಚ್ಛತೆಯ ಹೆಸರಿನಲ್ಲಿ ಗುಡಿಯ ಸುತ್ತಲಿನ ಎಲೆಗಳನ್ನೆಲ್ಲ ಗುಡಿಸಿ ಸುಟ್ಟು ಸಿಮೆಂಟು ಹಾಸಿದರೆ, ಕೆಂಪುಪಟ್ಟಿಯಲ್ಲಿ ಒಂದಕ್ಷರವೂ ಬದಲಾಗದೆ ಆ ಕೊಳ್ಳದಲ್ಲಿ ನವರಂಗ ಇಳಿಯುವುದು ನಿಲ್ಲಬಹುದು. ಅರಣ್ಯೀಕರಣವೆಂದು ಗುಡ್ಡಕ್ಕೆ ನೀಲಗಿರಿ ನೆಟ್ಟರೂ ಪ್ರಯೋಜನ ಅಷ್ಟಕ್ಕಷ್ಟೆ. ನೀಲಗಿರಿಯ ಎಣ್ಣೆಯೆಲೆ ಬೇಗ ಕೊಳೆಯುವುದಿಲ್ಲ, ಕೊಳೆಯದ ಎಲೆಯಡಿ ಹುಳುವಿಲ್ಲ. ದೂರದಿಂದ ನೋಡಿದವರಿಗೆ ಅದು ಹಸಿರು, ಇಳಿದ ಹಕ್ಕಿಗೆ ಬರಿದು.

ದೇವರ ಹೆಸರಿನಲ್ಲಿ ಉಳಿದ ಕೊಳ್ಳಗಳ ಮಟ್ಟಿಗೆ ಮಾಡಬೇಕಾದ್ದು ಬಹಳವಿಲ್ಲ. ಮೆಟ್ಟಿಲು, ಅಂಗಳ ಗುಡಿಸಲಿ, ಮರದ ಬುಡದ ತರಗು ಇರಲಿ. ಬೆಂಕಿ ಬೀಳದಂತೆ ನೋಡಲಿ. ರಾತ್ರಿ ಕೊಳ್ಳದೊಳಕ್ಕೆ ಫ್ಲಡ್‌ಲೈಟ್ ಬೇಡ.

ಹಕ್ಕಿ ಮನೆಗೆ ಬಂದಾಗ

ಪಡಸಾಲೆಯಲ್ಲಿ ಕೂತ ನವರಂಗ ಹೆಚ್ಚಿನ ಸಲ ರೋಗಿಯಲ್ಲ, ದಣಿದ ಪಯಣಿಗ. ಕೆಲವೊಮ್ಮೆ ಗೋಡೆಗೋ ಗಾಜಿಗೋ ಬಡಿದು ತಲೆ ಸುತ್ತಿರುತ್ತದೆ. ನಾಯಿ, ಬೆಕ್ಕು, ಕಾಗೆಗಳಿಂದ ಕಾಯುವುದು ಮೊದಲ ಕೆಲಸ. ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಹಕ್ಕಿಯನ್ನು ಇಟ್ಟು ಮುಚ್ಚಿ, ಸದ್ದಿಲ್ಲದ ಕತ್ತಲೆಯ ಮೂಲೆಯಲ್ಲಿ ಇಡಬೇಕು. ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸನಾಳಕ್ಕೆ ಇಳಿದರೆ ಹಕ್ಕಿ ಸಾಯುತ್ತದೆ. ಅನ್ನ, ಕಾಳು ತಿನ್ನುವ ಹಕ್ಕಿ ಇದಲ್ಲ. ಕೈಯಿಂದ ಕೈಗೆ ದಾಟಿಸಿ ಫೋಟೊ ತೆಗೆಯುವ ಆಸೆಯನ್ನೂ ಬಿಡಬೇಕು, ಆ ಹೆದರಿಕೆಯೇ ಎಷ್ಟೋ ಹಕ್ಕಿಗಳ ಜೀವ ತೆಗೆದಿದೆ. ಒಂದೆರಡು ತಾಸಿನಲ್ಲಿ ಪೆಟ್ಟಿಗೆಯೊಳಗೆ ಸರಸರ ಸದ್ದು ಕೇಳಿದರೆ ಹಗಲು ಇರುವಾಗಲೇ ಹತ್ತಿರದ ಮರಗಳ ತೋಪಿಗೆ ಒಯ್ದು, ಪೊದೆಯ ಬದಿ ಪೆಟ್ಟಿಗೆಯ ಬಾಯಿ ತೆರೆದು ಹಿಂದೆ ಸರಿಯಬೇಕು. ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಸಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಇನ್ನೊಂದು ಕೆಲಸ ಉಳಿದಿದೆ, ಬರೆದಿಡುವುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2007ರಲ್ಲಿ ಶುರುವಾದ ಮೈಗ್ರಂಟ್‌ವಾಚ್ ಯೋಜನೆ ಜನಸಾಮಾನ್ಯರಿಂದಲೇ ವಲಸೆಹಕ್ಕಿಗಳು ಬಂದ ತಾರೀಕು, ಹೋದ ತಾರೀಕು ಕೂಡಿಸತೊಡಗಿತು. ಇಂದು ಆ ಕೆಲಸ ಇಬರ್ಡ್ ಎಂಬ ಜಾಲತಾಣದ ಮೂಲಕ ನಡೆಯುತ್ತಿದೆ, ಯಾರು ಬೇಕಾದರೂ ಮೊಬೈಲಿನಿಂದ ಸೇರಿಸಬಹುದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಹಕ್ಕಿ ಸಿಕ್ಕಾಗ ಊರಿನ ಮೊಬೈಲುಗಳನ್ನು ಸುತ್ತುವ ಫೋಟೊದ ಜೊತೆಗೆ ನಾಲ್ಕು ವಿವರಗಳು ಸೇರಿದರೆ ಸಾಕು: ತಾರೀಕು, ಸಿಕ್ಕ ಹೊತ್ತು, ಜಾಗ, ಹಿಂದಿನ ರಾತ್ರಿ ಹತ್ತಿರದಲ್ಲಿ ಉರಿಯುತ್ತಿದ್ದ ದೀಪ ಯಾವುದು. ಹಾಗೆಯೇ ಸೊಗಲ, ಶಬರಿಕೊಳ್ಳಗಳಿಗೆ ಹೋದವರು ಬೆಳಗಿನ ಜಾವ, ಮುಸ್ಸಂಜೆ ಆ ಎರಡು ಸ್ವರದ ಸಿಳ್ಳೆ ಕೇಳಿದರೆ ಅದನ್ನೂ ದಾಖಲಿಸಬಹುದು. ಹತ್ತು ವರ್ಷಗಳ ಇಂಥ ಟಿಪ್ಪಣಿಗಳು ಕೂಡಿದರೆ, ಯಾವ ಕೊಳ್ಳವನ್ನು ಕಾಯಬೇಕು, ಯಾವ ವೃತ್ತದ ದೀಪಕ್ಕೆ ಮುಚ್ಚಳ ಹಾಕಬೇಕು ಎಂದು ಪುರಸಭೆಗೆ ಅರ್ಜಿ ಬರೆಯುವವರ ಕೈಯಲ್ಲಿ ಊಹೆಯ ಬದಲು ಲೆಕ್ಕ ಇರುತ್ತದೆ.